ಸೊಂಟನೋವಿನ ಹಿಂದೆ ಕೀವಿದ್ದರೆ: ಮೊದಲು ಕಲ್ಚರ್, ಆಮೇಲೆ ಆಂಟಿಬಯಾಟಿಕ್

ಸೊಂಟನೋವು ಬಂದವರಿಗೆಲ್ಲ ಎಂಆರ್‌ಐ ಬೇಕಿಲ್ಲ. ಗೊಬ್ಬರದ ಮೂಟೆ ಎತ್ತಿ ಚಳುಕು ಹಿಡಿದದ್ದು, ದಿನವಿಡೀ ಬಗ್ಗಿ ಶುಂಠಿ ಕಿತ್ತು ಬೆನ್ನು ಬಿಗಿದದ್ದು, ವಯಸ್ಸಾಗಿ ಡಿಸ್ಕ್ ಸವೆದದ್ದು, ಬಹುಪಾಲು ಇವೇ. ನಾಲ್ಕಾರು ವಾರದಲ್ಲಿ ತಾವಾಗಿ ಇಳಿಯುತ್ತವೆ. ಆದರೆ ಸಕ್ಕರೆ ಕಾಯಿಲೆ ಇಲ್ಲದ, ಕುಡಿತವಿಲ್ಲದ, ಬೆನ್ನಿಗೆ ಯಾವ ಆಪರೇಷನ್ನೂ ಆಗಿರದ, ನಿನ್ನೆ ಮೊನ್ನೆಯವರೆಗೆ ತೋಟಕ್ಕೆ ಹೋಗಿಬರುತ್ತಿದ್ದ ಗಟ್ಟಿಮುಟ್ಟಾದ ಮನುಷ್ಯನ ಬೆನ್ನುಮೂಳೆಯೊಳಗೂ ಅಪರೂಪಕ್ಕೆ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಪಶ್ಚಿಮ ಯುರೋಪಿನ ದೇಶಗಳ ಲೆಕ್ಕದಲ್ಲಿ ಇದು ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 2ರಿಂದ 7 ಮಂದಿಗೆ ಬರುವ ಕಾಯಿಲೆ. ಸಂಖ್ಯೆ ಸಣ್ಣದೇ. ಕಷ್ಟ ಇರುವುದು ಬೇರೆ ಕಡೆ: ನೋವು ಶುರುವಾದ ದಿನದಿಂದ ಕಾಯಿಲೆ ಇದೇ ಎಂದು ಗೊತ್ತಾಗುವ ಹೊತ್ತಿಗೆ ಸರಾಸರಿ ಎರಡರಿಂದ ನಾಲ್ಕು ತಿಂಗಳು ಕಳೆದಿರುತ್ತದೆ. ಅಷ್ಟರೊಳಗೆ ರೋಗಿಯ ಮೈಗೆ ಯಾವ ಯಾವ ಔಷಧಿ ಹೋಗಿದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಆ ತಿಂಗಳುಗಳು ಕಳೆಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲ ವಾರ ಎಣ್ಣೆ ತಿಕ್ಕುವುದು, ಬಿಸಿನೀರು. ಎರಡನೇ ವಾರ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಆಮೇಲೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಸೂಜಿ, ಡೈಕ್ಲೋಫಿನ್ಯಾಕ್ ಜೊತೆಗೆ ಡೆಕ್ಸಾಮೆಥಾಸೋನ್. ಡೆಕ್ಸಾ ಸ್ಟಿರಾಯ್ಡ್ ಆದ್ದರಿಂದ ಎರಡು ದಿನ ನೋವೂ ಇಲ್ಲ, ಜ್ವರವೂ ಇಲ್ಲ, ಹಸಿವೂ ಚೆನ್ನಾಗಿರುತ್ತದೆ. ಕೀವು ಮಾತ್ರ ಒಳಗೆ ನೆಮ್ಮದಿಯಾಗಿ ಬೆಳೆಯುತ್ತದೆ. ಮತ್ತೆ ಜ್ವರ ಬಂತು ಅಂದರೆ ಟೈಫಾಯ್ಡ್ ಹುಡುಕುವ ವಿಡಾಲ್ ಟೆಸ್ಟ್. ಅದರಲ್ಲಿ ಏನೋ ಒಂದಿಷ್ಟು ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಬಂದೇ ಬರುತ್ತದೆ, ಟೈಫಾಯ್ಡ್ ಎಂದು ಸೆಫ್ಟ್ರಿಯಾಕ್ಸೋನ್ ಐದು ದಿನ. ಮಳೆಗಾಲವಾದರೆ ಇಲಿಜ್ವರದ ಅನುಮಾನಕ್ಕೆ ಡಾಕ್ಸಿಸೈಕ್ಲಿನ್ ಒಂದು ವಾರ. ಇಷ್ಟೆಲ್ಲ ಆದಮೇಲೆ ಎಂಆರ್‌ಐ ಆಗುತ್ತದೆ, ರಿಪೋರ್ಟಿನ ಕೊನೆಯ ಸಾಲಿನಲ್ಲಿ ಬೆನ್ನುಮೂಳೆಯ ಸೋಂಕು, ಟಿಬಿ ಇರಬಹುದು ಎಂದು ಬರುತ್ತದೆ, ಮಾರನೇ ದಿನವೇ ಟಿಬಿ ಮಾತ್ರೆ ಶುರು. ಒಂದೊಂದು ಹೆಜ್ಜೆಯನ್ನೂ ಬಿಡಿಯಾಗಿ ನೋಡಿದರೆ ಸಮರ್ಥಿಸಿಕೊಳ್ಳಬಹುದು. ಆದರೆ ಇಷ್ಟೂ ಹೆಜ್ಜೆ ಸೇರಿ ಮಾಡುವುದು ಒಂದೇ ಕೆಲಸ: ಒಳಗಿರುವ ಬ್ಯಾಕ್ಟೀರಿಯಾ ಸಾಯುವಷ್ಟು ಔಷಧಿ ಹೋಗಿರುವುದಿಲ್ಲ, ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಬೆಳೆಯದಿರುವಷ್ಟು ಹೋಗಿರುತ್ತದೆ. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗದಿದ್ದರೆ ಆರು ವಾರದ ಔಷಧಿ ಬೇಕೋ, ಮೂರು ತಿಂಗಳದೋ, ಒಂದು ವರ್ಷದ್ದೋ ಯಾರಿಗೂ ಹೇಳಲಾಗುವುದಿಲ್ಲ.

ಬ್ಯಾಕ್ಟೀರಿಯಾ ಅಲ್ಲಿಗೆ ಹೋಗುವುದಾದರೂ ಹೇಗೆ? ರಕ್ತದ ಮೂಲಕ. ಸೊಪ್ಪು ಕಡಿಯುವಾಗ ಆದ ಗಾಯ, ತೊಡೆಯ ಮೇಲಿನ ಕುರು, ಹುಳುಕು ಹಲ್ಲು, ಮೂತ್ರದ ಸೋಂಕು, ಡ್ರಿಪ್ ಹಾಕಿದ್ದ ಕೈಯಲ್ಲಿ ಕೆಂಪಾಗಿ ಊದಿಕೊಂಡ ನರ, ಇಂಥ ಎಲ್ಲಿಂದಲಾದರೂ ಒಂದಿಷ್ಟು ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಬಹುದು. ಎಷ್ಟೋ ಜನರಲ್ಲಿ ಮೂಲ ಯಾವುದೆಂದು ಕೊನೆಗೂ ಸಿಗುವುದಿಲ್ಲ, ಏಕೆಂದರೆ ಗಾಯ ಮಾಯ್ದು ಮರೆತೇ ಹೋಗಿರುತ್ತದೆ. ಬೆನ್ನುಮೂಳೆಯ ಒಂದೊಂದು ಬಿಲ್ಲೆಯ ಮೇಲ್ತುದಿ, ಕೆಳತುದಿಗಳಲ್ಲಿ, ಡಿಸ್ಕಿಗೆ ಅಂಟಿಕೊಂಡ ತೆಳು ಪದರದ ಹತ್ತಿರ, ರಕ್ತನಾಳಗಳು ಬಹಳ ಸಣ್ಣವಾಗಿ ಕೊನೆಯಾಗುತ್ತವೆ. ರಕ್ತದ ಓಟ ಅಲ್ಲಿ ನಿಧಾನ. ಬ್ಯಾಕ್ಟೀರಿಯಾ ನೆಲೆ ನಿಲ್ಲುವುದು ಅಲ್ಲೇ. ದೊಡ್ಡವರ ಡಿಸ್ಕಿಗೆ ಸ್ವಂತ ರಕ್ತನಾಳವೇ ಇಲ್ಲ. ಹಾಗಾಗಿ ಸೋಂಕು ಡಿಸ್ಕಿಗೆ ದಾಟಿದರೆ ಅಲ್ಲಿಗೆ ಬಿಳಿ ರಕ್ತಕಣವೂ ಸರಿಯಾಗಿ ತಲುಪದು, ಆಂಟಿಬಯಾಟಿಕ್ಕೂ ತಲುಪದು. ಡಿಸ್ಕ್ ಕರಗಿ ಪಕ್ಕದ ಮೂಳೆಗೂ ಹಬ್ಬುತ್ತದೆ. ಎರಡು ಮೂಳೆ, ನಡುವೆ ಒಂದು ಡಿಸ್ಕ್ ಒಟ್ಟಿಗೇ ಹಾಳಾಗುವುದು ಈ ಕಾಯಿಲೆಯ ಗುರುತು. ವಾರಗಟ್ಟಲೆ ಔಷಧಿ ಕೊಡಬೇಕಾಗಿ ಬರುವುದೂ ಇದೇ ಕಾರಣಕ್ಕೆ. ಸೊಂಟದ ಭಾಗದಲ್ಲಿ ಹೆಚ್ಚು, ಎದೆಯ ಹಿಂಭಾಗದಲ್ಲಿ ಅದಕ್ಕಿಂತ ಕಡಿಮೆ, ಕತ್ತಿನಲ್ಲಿ ಇನ್ನೂ ಕಡಿಮೆ.

ಮಾಮೂಲಿ ಸೊಂಟನೋವು ಮಲಗಿದರೆ ಇಳಿಯುತ್ತದೆ. ಇದು ಇಳಿಯುವುದಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಜೀವ ಹೋದಂತಾಗಿ ಎಚ್ಚರವಾಗುತ್ತದೆ. ಮಾಮೂಲಿ ನೋವು ವಾರದಿಂದ ವಾರಕ್ಕೆ ಕಡಿಮೆಯಾಗುತ್ತ ಬಂದರೆ ಇದು ಏರುತ್ತ ಹೋಗುತ್ತದೆ. ಬೆನ್ನಿನ ನಡುಗೆರೆಯಲ್ಲಿ ಮೂಳೆಯ ಮೇಲೆ ಮುಷ್ಟಿಯಿಂದ ಮೆಲ್ಲಗೆ ಕುಟ್ಟಿದರೆ ಒಂದೇ ಜಾಗದಲ್ಲಿ ಚುರುಕ್ ಎನ್ನುತ್ತದೆ. ಜ್ವರ ಇರಲೇಬೇಕೆಂದಿಲ್ಲ, ಸುಮಾರು ಅರ್ಧದಷ್ಟು ಜನರಲ್ಲಿ ಇರುವುದೇ ಇಲ್ಲ. 'ಜ್ವರ ಇಲ್ವಲ್ಲ, ಇನ್ಫೆಕ್ಷನ್ ಅಲ್ಲ ಬಿಡಿ' ಎನ್ನುವ ಮಾತನ್ನು ನಂಬಿ ಕೂತವರೇ ಹೆಚ್ಚು ತಡವಾಗಿ ಬರುತ್ತಾರೆ. ನೋವಿನ ಮಾತ್ರೆಯೂ ಜ್ವರ ಇಳಿಸುತ್ತದೆ ಎನ್ನುವುದನ್ನು ಮರೆಯಬಾರದು. ಸಂಜೆ ಹೊತ್ತಿಗೆ ಮೈ ಬೆವರುವುದು, ಬಾಯಿರುಚಿ ಕೆಡುವುದು, ಪಂಚೆ ಸಡಿಲವಾಗುವಷ್ಟು ತೂಕ ಇಳಿಯುವುದು, ಇವನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ಕೆಲವರು ಒಂದು ಕಾಲನ್ನು ಸೊಂಟದ ಬಳಿ ಮಡಚಿಕೊಂಡೇ ಮಲಗುತ್ತಾರೆ, ನೇರ ಮಾಡಲು ಹೋದರೆ ನೋವು. ಬೆನ್ನುಮೂಳೆಯ ಪಕ್ಕದ ಸೋವಾಸ್ ಸ್ನಾಯುವಿಗೆ ಕೀವು ಇಳಿದಿದೆ ಎನ್ನುವುದಕ್ಕೆ ಅದು ಸುಳಿವು. ಎರಡು ಮೂರು ವರ್ಷದ ಮಗುವಾದರೆ ನೋವು ಎಂದು ಹೇಳದು, ನಡೆಯಲು, ಕೂರಲು ಹಟ ಮಾಡುತ್ತದೆ ಅಷ್ಟೇ.

ಕಾಯಬಾರದ ಸ್ಥಿತಿ ಬೇರೆಯೇ ಇದೆ. ಕೀವು ಬೆನ್ನುಹುರಿಯ ಸುತ್ತಲಿನ ಜಾಗಕ್ಕೆ ಹೊಕ್ಕರೆ ಮೊದಲು ಬೆನ್ನುನೋವು, ಆಮೇಲೆ ನರದ ದಾರಿ ಹಿಡಿದು ಕಾಲಿಗೋ ಪಕ್ಕೆಗೋ ಸುತ್ತುವ ಸೆಳೆತ, ಆಮೇಲೆ ಕಾಲು ಸೋಲುವುದು, ಮೂತ್ರ ಕಟ್ಟುವುದು, ಕೊನೆಗೆ ಪೂರ್ತಿ ಲಕ್ವ. ಈ ನಾಲ್ಕು ಹಂತವನ್ನು 1948ರಲ್ಲೇ ಹ್ಯೂಸ್ನರ್ ಎಂಬ ವೈದ್ಯ ವಿವರಿಸಿದ್ದ. ಮೊದಲ ಎರಡು ಹಂತಕ್ಕೆ ವಾರಗಳು ಹಿಡಿಯಬಹುದು, ಮೂರರಿಂದ ನಾಲ್ಕಕ್ಕೆ ಕೆಲವೊಮ್ಮೆ ಕೆಲವೇ ಗಂಟೆ. ಮೆಟ್ಟಿಲು ಹತ್ತುವಾಗ ಕಾಲು ತೊಡರುವುದು, ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗದಿರುವುದು, ಕೂತರೆ ನೆಲಕ್ಕೆ ತಾಗುವ ಭಾಗ ಜೋಮು ಹಿಡಿಯುವುದು, ಮೂತ್ರಕ್ಕೆ ಹೋದರೆ ಬಾರದಿರುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೆ ಅದೇ ರಾತ್ರಿ, ನ್ಯೂರೋಸರ್ಜನ್ ಅಥವಾ ಸ್ಪೈನ್ ಸರ್ಜನ್ ಇರುವ ಕಡೆ ಹೋಗಬೇಕು. ಪೂರ್ತಿ ಲಕ್ವವಾಗಿ ಒಂದೂವರೆ ದಿನ ದಾಟಿದರೆ ಕಾಲಿಗೆ ಶಕ್ತಿ ವಾಪಸ್ ಬರುವುದು ಅಪರೂಪ. ಸಕಲೇಶಪುರ, ಮೂಡಿಗೆರೆ ಕಡೆಯವರು ಮಂಗಳೂರಿಗೆ ಹೊರಡುವ ಮೊದಲು ಶಿರಾಡಿ, ಚಾರ್ಮಾಡಿ ಘಾಟಿ ತೆರೆದಿದೆಯಾ ಎಂದು ವಿಚಾರಿಸಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿದು ವಾಹನ ನಿಲ್ಲುವುದು ಹೊಸದಲ್ಲ, ಅಂಥ ದಿನ ಹಾಸನದ ಕಡೆಗೆ ಅಥವಾ ಬೆಂಗಳೂರಿಗೆ ತಿರುಗುವುದೇ ವಾಸಿ.

ಅಷ್ಟು ಅವಸರ ಇಲ್ಲದವರಿಗೆ ಮೊದಲ ಪರೀಕ್ಷೆ ಎಂಆರ್‌ಐ ಅಲ್ಲ, ಸಿಆರ್‌ಪಿ ಮತ್ತು ಇಎಸ್‌ಆರ್. ಮೈಯೊಳಗಿನ ಉರಿಯೂತವನ್ನು ತೋರಿಸುವ ಈ ಎರಡು ರಕ್ತಪರೀಕ್ಷೆ ಯಾವ ತಾಲ್ಲೂಕು ಲ್ಯಾಬಿನಲ್ಲೂ ಆಗುವ, ಕೆಲವೇ ನೂರು ರೂಪಾಯಿಯ ಕೆಲಸ. ಆರು ವಾರಕ್ಕೂ ಇಳಿಯದ, ರಾತ್ರಿ ಏಳಿಸುವ ಸೊಂಟನೋವಿಗೆ ಇವೆರಡನ್ನು ಮಾಡಿಸದೆ ಮತ್ತೊಂದು ಸೂಜಿ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬಿಳಿ ರಕ್ತಕಣದ ಎಣಿಕೆ ನಂಬಿಕೆಗೆ ಅರ್ಹವಲ್ಲ, ಎಷ್ಟೋ ಜನರಲ್ಲಿ ನಾರ್ಮಲ್ ಇರುತ್ತದೆ. ಸಿಆರ್‌ಪಿ ಓದುವಾಗ ಒಂದು ಎಡವಟ್ಟು ಪದೇ ಪದೇ ಆಗುತ್ತದೆ: ಕೆಲವು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಎಂದು ಕೊಡುತ್ತವೆ, ಕೆಲವು ಡೆಸಿಲೀಟರಿಗೆ. ಒಂದು ಕಡೆ 4 ಎಂದು ಬಂದದ್ದು ಇನ್ನೊಂದು ಕಡೆಯ 40ಕ್ಕೆ ಸಮ. ಎರಡು ಊರಿನ ಎರಡು ರಿಪೋರ್ಟು ಹಿಡಿದು ಕಡಿಮೆಯಾಯಿತು ಎಂದು ಸಮಾಧಾನ ಪಡುವ ಮೊದಲು ಪಕ್ಕದ ಅಳತೆ ನೋಡಬೇಕು. ಇಎಸ್‌ಆರ್ ರಕ್ತಹೀನತೆಯಲ್ಲಿ, ಬಸುರಿಯಲ್ಲಿ, ವಯಸ್ಸಾದವರಲ್ಲಿ ಸುಮ್ಮನೆಯೂ ಏರುತ್ತದೆ, ಅದೊಂದನ್ನೇ ಹಿಡಿದು ಗಾಬರಿಯಾಗಬೇಕಿಲ್ಲ.

ಎಕ್ಸ್‌ರೇ ಮೊದಲ ಎರಡು ಮೂರು ವಾರ ಏನೂ ತೋರಿಸುವುದಿಲ್ಲ. ಮೂಳೆ ಸಾಕಷ್ಟು ಸವೆದ ಮೇಲೆಯೇ ಡಿಸ್ಕಿನ ಜಾಗ ಕಿರಿದಾಗಿ, ಅಂಚು ಮಸುಕಾಗಿ ಕಾಣುವುದು. 'ಎಕ್ಸ್‌ರೇ ನಾರ್ಮಲ್' ಎಂಬುದರಿಂದ ಈ ಕಾಯಿಲೆ ಇಲ್ಲ ಎಂದಾಗದು. ಬೇಕಿರುವುದು ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ನರಕ್ಕೆ ಕೊಡುವ ಔಷಧಿ) ಹಾಕಿದ ಎಂಆರ್‌ಐ, ಅದಕ್ಕೆ ಹೋಗುವಾಗ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲಿರಲಿ. ಫಿಲ್ಮಿನಲ್ಲಿ ಟಿ1, ಟಿ2 ಎಂಬ ಎರಡು ಬಗೆಯ ಚಿತ್ರ ಇರುತ್ತವೆ, ನೋಡುವುದು ಹೀಗೆ: ಟಿ1 ಚಿತ್ರದಲ್ಲಿ ಎರಡು ಅಕ್ಕಪಕ್ಕದ ಮೂಳೆಗಳು ಕಪ್ಪಾಗಿ, ನಡುವಿನ ಡಿಸ್ಕಿನಿಂದ ಬೇರ್ಪಡಿಸುವ ಗೆರೆ ಅಳಿಸಿದಂತಿರುತ್ತದೆ. ಟಿ2ರಲ್ಲಿ ಅದೇ ಜಾಗ, ಡಿಸ್ಕೂ ಸೇರಿ, ಬೆಳ್ಳಗೆ ಹೊಳೆಯುತ್ತದೆ. ಕಾಂಟ್ರಾಸ್ಟ್ ಹೋದ ಮೇಲೆ ಮೂಳೆ, ಡಿಸ್ಕಿನ ಅಂಚು, ಸುತ್ತಲಿನ ಮಾಂಸ ಬೆಳಗುತ್ತವೆ, ಕೀವು ನಿಂತ ಕಡೆ ಮಾತ್ರ ನಡು ಕಪ್ಪು, ಸುತ್ತ ಬಿಳಿ ಬಳೆ. ಬರೀ ಸವೆತದಲ್ಲೂ ಮೂಳೆಯ ಅಂಚು ಹೀಗೇ ಹೊಳೆಯುವುದುಂಟು, ಮೋಡಿಕ್ ಒಂದನೇ ಬಗೆ ಎನ್ನುತ್ತಾರೆ. ಆದರೆ ಸವೆತದಲ್ಲಿ ಡಿಸ್ಕ್ ಟಿ2ರಲ್ಲಿ ಸಾಮಾನ್ಯವಾಗಿ ಕಪ್ಪಾಗಿಯೇ ಉಳಿಯುತ್ತದೆ, ಗೆರೆ ಅಳಿಸಿರುವುದಿಲ್ಲ. ಟಿಬಿಯಲ್ಲಿ ಡಿಸ್ಕ್ ಬಹಳ ದಿನ ಉಳಿದುಕೊಂಡು ಮೂಳೆ ಮೊದಲು ಕುಸಿಯುತ್ತದೆ, ಪಕ್ಕದಲ್ಲಿ ನೋವಿಲ್ಲದ ದೊಡ್ಡ ಕೀವುಚೀಲ, ಒಂದಕ್ಕಿಂತ ಹೆಚ್ಚು ಕಡೆ ಪೆಟ್ಟು. ಮಾಮೂಲಿ ಕೀವು ಮಾಡುವ ಬ್ಯಾಕ್ಟೀರಿಯಾ ಡಿಸ್ಕನ್ನು ಬೇಗ ತಿನ್ನುತ್ತದೆ. ಇವು ಒಲವುಗಳು ಮಾತ್ರ. ಫಿಲ್ಮ್ ನೋಡಿ ಬ್ಯಾಕ್ಟೀರಿಯಾದ ಹೆಸರು ಹೇಳಲು ಯಾವ ರೇಡಿಯಾಲಜಿಸ್ಟರಿಗೂ ಆಗದು, ಹೇಳಿ ಎಂದು ಅವರನ್ನು ಒತ್ತಾಯಿಸುವುದೂ ತಪ್ಪು. ಸ್ಕ್ಯಾನ್ ಬರೆಸುವಾಗ ಸೊಂಟದ ಭಾಗದ ಜೊತೆಗೆ ಇಡೀ ಬೆನ್ನುಮೂಳೆಯ ಒಂದು ಸ್ಕ್ರೀನಿಂಗ್ ಕೇಳಿ. ಕೀವು ಒಂದು ಕಡೆ ಇದ್ದವರಿಗೆ ಎರಡು ಗೇಣು ಮೇಲೆ ಇನ್ನೊಂದು ಕಡೆಯೂ ಇರುವುದು ಉಂಟು. ಶುರುವಿನಲ್ಲಿ ಸ್ಕ್ಯಾನ್ ಸರಿ ಬಂದು ಅನುಮಾನ ಉಳಿದರೆ ಒಂದೆರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು.

ಈಗ ಮುಖ್ಯ ವಿಷಯ. ಎಂಆರ್‌ಐಯಲ್ಲಿ ಸೋಂಕು ಕಂಡಿತು, ರೋಗಿಯ ಬಿಪಿ ಸರಿಯಿದೆ, ಕಾಲಲ್ಲಿ ಶಕ್ತಿ ಇದೆ ಎಂದಾದರೆ ಆಂಟಿಬಯಾಟಿಕ್ ಅಂದೇ ಶುರು ಮಾಡಬಾರದು. ಅಮೆರಿಕದ ಸೋಂಕುರೋಗ ತಜ್ಞರ ಸಂಘ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮೊದಲು ಬ್ಲಡ್ ಕಲ್ಚರ್, ಬೇಕಿದ್ದರೆ ಬಯಾಪ್ಸಿ (ಸೋಂಕಿನ ಜಾಗದ ತುಂಡು ತೆಗೆದು ನೋಡುವುದು), ಆಮೇಲೆ ಔಷಧಿ. ಬಿಪಿ ಬಿದ್ದವರಿಗೆ, ಕಾಲು ಸೋಲುತ್ತಿರುವವರಿಗೆ ಈ ನಿಯಮ ಇಲ್ಲ. ಅವರಿಗೂ ಮೊದಲ ಡೋಸಿಗೆ ಮುಂಚೆ ಬ್ಲಡ್ ಕಲ್ಚರ್ ತೆಗೆಯಲು ಐದು ನಿಮಿಷ ಸಾಕು.

ಬ್ಲಡ್ ಕಲ್ಚರ್ ತೆಗೆಯುವುದು ಸಣ್ಣ ಕೆಲಸವೆಂದು ಹೊಸಬರ ಕೈಗೆ ಬಿಡುತ್ತಾರೆ, ಕೆಡುವುದು ಅಲ್ಲೇ. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಮಿಲಿ ರಕ್ತ ಬೇಕು. ಬಲಗೈಯಿಂದ ಎರಡು ಬಾಟಲಿ, ಎಡಗೈಯಿಂದ ಎರಡು, ಒಟ್ಟು ಸುಮಾರು 40 ಮಿಲಿ. ರಕ್ತದಲ್ಲಿ ಬ್ಯಾಕ್ಟೀರಿಯಾ ಒಂದು ಮಿಲಿಗೆ ಒಂದೂ ಇರದಷ್ಟು ವಿರಳ, ಆದ್ದರಿಂದ ಬೆಳೆಯುವ ಸಂಭವ ನಿಂತಿರುವುದು ರಕ್ತದ ಪ್ರಮಾಣದ ಮೇಲೆ. 3 ಮಿಲಿ ಹಾಕಿ ಕಳಿಸಿದ ಒಂದೇ ಬಾಟಲಿಯ 'ನೋ ಗ್ರೋತ್' ರಿಪೋರ್ಟಿಗೆ ಬೆಲೆ ಇಲ್ಲ. ಚರ್ಮವನ್ನು ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಅರ್ಧ ನಿಮಿಷ ಉಜ್ಜಿ, ಇನ್ನರ್ಧ ನಿಮಿಷ ಒಣಗಲು ಬಿಡಬೇಕು. ಒಣಗುವಾಗಲೇ ಅದು ಕೆಲಸ ಮಾಡುವುದು. ಆಮೇಲೆ ನರ ಸಿಗಲಿಲ್ಲವೆಂದು ಬೆರಳು ಆಡಿಸಿದರೆ ಉಜ್ಜಿದ್ದು ವ್ಯರ್ಥ. ಬಾಟಲಿಯ ಮುಚ್ಚಳ ತೆಗೆದ ಮೇಲೆ ಕಾಣುವ ರಬ್ಬರ್ ಶುದ್ಧವಲ್ಲ, ಅದನ್ನೂ ಸ್ಪಿರಿಟ್‌ನಿಂದ ಒರೆಸಬೇಕು. ಬಟರ್‌ಫ್ಲೈ ಸೂಜಿಯಲ್ಲಿ ತೆಗೆದರೆ ಟ್ಯೂಬಿನಲ್ಲಿ ಗಾಳಿ ಇರುತ್ತದೆ, ಹಾಗಾಗಿ ಏರೋಬಿಕ್ (ಗಾಳಿ ಬೇಕಾದ ಬ್ಯಾಕ್ಟೀರಿಯಾದ) ಬಾಟಲಿ ಮೊದಲು. ಹಾಕಿದ್ದ ಡ್ರಿಪ್ಪಿನ ಕ್ಯಾನುಲಾದಿಂದ ರಕ್ತ ಎಳೆಯಬಾರದು. ಬಾಟಲಿಯನ್ನು ಫ್ರಿಡ್ಜಿನಲ್ಲಿ ಇಡಲೇಬಾರದು. ಜ್ವರ ಏರುವುದನ್ನೇ ಕಾದು ಕೂರುವ ಅಗತ್ಯವೂ ಇಲ್ಲ. ಇನ್ನು ಫಾರಂ: 'ಬೆನ್ನುನೋವು, ಕಲ್ಚರ್' ಎಂದಷ್ಟೇ ಬರೆಯಬೇಡಿ. ದನಕರು, ಕುರಿ ಮೇಕೆ ಸಾಕಣೆ ಇದೆಯಾ, ಹಸಿ ಹಾಲು ಕುಡಿಯುತ್ತಾರಾ, ಗದ್ದೆ ಕೆಲಸ ಇದೆಯಾ, ಈಗಾಗಲೇ ಯಾವ ಆಂಟಿಬಯಾಟಿಕ್ ಹೋಗಿದೆ, ಬ್ರುಸೆಲ್ಲಾ (ದನಕರು, ಮೇಕೆಗಳಿಂದ ಬರುವ ಸೋಂಕು) ಅಥವಾ ಮೆಲಿಯಾಯ್ಡೋಸಿಸ್ (ಮಣ್ಣಿನ ಬ್ಯಾಕ್ಟೀರಿಯಾದ ಸೋಂಕು) ಅನುಮಾನ ಇದೆಯಾ, ಇಷ್ಟು ಇರಬೇಕು. ಇದರಿಂದ ಲ್ಯಾಬಿನವರ ಜೀವವೂ ಉಳಿಯುತ್ತದೆ. ಈ ಎರಡು ಬ್ಯಾಕ್ಟೀರಿಯಾವನ್ನು ತೆರೆದ ಟೇಬಲಿನ ಮೇಲೆ ಪ್ಲೇಟ್ ಬಿಚ್ಚಿ ಮೂಸಿ ನೋಡಿದರೆ ನೋಡಿದವರಿಗೇ ಕಾಯಿಲೆ ಬರಬಹುದು.

ಬ್ಲಡ್ ಕಲ್ಚರಿನಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಬೆಳೆದು ಎಂಆರ್‌ಐ ಅದಕ್ಕೆ ಹೊಂದಿದರೆ, ಅಥವಾ ಬ್ರುಸೆಲ್ಲಾ ರಕ್ತಪರೀಕ್ಷೆ ಗಟ್ಟಿಯಾಗಿ ಪಾಸಿಟಿವ್ ಬಂದರೆ, ಮೂಳೆ ಚುಚ್ಚುವ ಅಗತ್ಯ ಬೀಳುವುದಿಲ್ಲ. ಏನೂ ಬೆಳೆಯದಿದ್ದರೆ ಸಿಟಿ ನೋಡಿಕೊಂಡು ಸೂಜಿಯಿಂದ ಬಯಾಪ್ಸಿ. ಇಲ್ಲಿ ಆಗುವ ಅತಿ ದೊಡ್ಡ ಅನಾಹುತ ಅಭ್ಯಾಸಬಲದ್ದು: ತೆಗೆದ ತುಂಡನ್ನೆಲ್ಲ ಫಾರ್ಮಾಲಿನ್ ಡಬ್ಬಿಗೆ ಹಾಕಿಬಿಡುವುದು. ಫಾರ್ಮಾಲಿನ್‌ಗೆ ಬಿದ್ದ ತುಂಡಿನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯದು. ಒಂದು ಭಾಗ ಮಾತ್ರ ಫಾರ್ಮಾಲಿನ್‌ಗೆ, ಉಳಿದದ್ದು ಒಂದೆರಡು ಹನಿ ಸ್ಟೆರೈಲ್ ಸಲೈನ್ ಹಾಕಿದ ಶುದ್ಧ ಡಬ್ಬಿಗೆ. ಅದರಿಂದ ಗ್ರಾಂ ಸ್ಟೇನ್, ಏರೋಬಿಕ್, ಅನೇರೋಬಿಕ್ ಕಲ್ಚರ್, ಫಂಗಸ್, ಟಿಬಿಗೆ ಸಿಬಿನ್ಯಾಟ್ (ಟಿಬಿ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಪರೀಕ್ಷೆ) ಮತ್ತು ಲಿಕ್ವಿಡ್ ಕಲ್ಚರ್. ಬಯಾಪ್ಸಿಗೆ ಹೋಗುವ ಮನೆಯವರು ಡಬ್ಬಿ ಎಷ್ಟು, ಯಾವುದರಲ್ಲಿ ಏನು ಎಂದು ಮೊದಲೇ ಕೇಳಿದರೆ ತಪ್ಪೇನಿಲ್ಲ. ಆಂಟಿಬಯಾಟಿಕ್ ಈಗಾಗಲೇ ನಡೆದಿದ್ದರೆ, ರೋಗಿ ಸ್ಥಿರವಾಗಿದ್ದರೆ, ವೈದ್ಯರು ಒಂದೆರಡು ವಾರ ನಿಲ್ಲಿಸಿ ನಂತರ ತೆಗೆಯುತ್ತಾರೆ. ಮೊದಲ ಬಯಾಪ್ಸಿಯಲ್ಲಿ ಏನೂ ಸಿಗದಿದ್ದರೆ ಎರಡನೆಯದು ಮಾಡಿಸುವುದು ದುಬಾರಿ ಅನ್ನಿಸಬಹುದು, ಗುರಿಯಿಲ್ಲದ ಒಂದು ವರ್ಷದ ಔಷಧಿಗಿಂತ ಅದು ಅಗ್ಗ.

ಬ್ಯಾಕ್ಟೀರಿಯಾಗಳ ಪೈಕಿ ಎಲ್ಲ ಕಡೆಯೂ ಮೊದಲ ಸ್ಥಾನ ಸ್ಟ್ಯಾಫ್ ಆರಿಯಸ್‌ದು. ರಕ್ತದಲ್ಲಿ ಅದು ಸಿಕ್ಕಿತೆಂದರೆ ಹೃದಯದ ಕವಾಟದಲ್ಲಿ ಗೂಡು ಕಟ್ಟಿದೆಯೇ ಎಂದು ಎಕೋ ಮಾಡಿಸಲೇಬೇಕು. ವಯಸ್ಸಾದವರಲ್ಲಿ, ಮೂತ್ರದ ತೊಂದರೆ ಇದ್ದವರಲ್ಲಿ ಇ.ಕೋಲೈ. ಸ್ಟ್ರೆಪ್ಟೋಕಾಕಸ್ ಗ್ಯಾಲೋಲಿಟಿಕಸ್ ಬಂದರೆ ದೊಡ್ಡ ಕರುಳಿಗೆ ಕೊಲೊನೋಸ್ಕೋಪಿ, ಏಕೆಂದರೆ ಕರುಳಿನ ಗಡ್ಡೆಗೂ ಅದಕ್ಕೂ ನಂಟಿದೆ. ಇವು ಯಾವ ಪುಸ್ತಕದಲ್ಲೂ ಸಿಗುತ್ತವೆ. ನಮ್ಮ ಸೀಮೆಯಲ್ಲಿ ತಲೆಯಲ್ಲಿಟ್ಟುಕೊಳ್ಳಬೇಕಾದವು ಇನ್ನೆರಡು.

ಒಂದು ಬ್ರುಸೆಲ್ಲಾ. ಮಾಲ್ಟಾ ದ್ವೀಪದಲ್ಲಿ 1887ರಲ್ಲಿ ಡೇವಿಡ್ ಬ್ರೂಸ್ ಕಂಡುಹಿಡಿದದ್ದು, ಮಾಲ್ಟಾ ಜ್ವರ ಎಂದು ಪ್ರಸಿದ್ಧ. ಕಡೂರು, ಅರಸೀಕೆರೆ ಬಯಲಿನ ಕುರಿ ಮೇಕೆ ಸಾಕುವವರಿರಲಿ, ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರಿರಲಿ, ಪಶುವೈದ್ಯ ಇಲಾಖೆಯವರಿರಲಿ, ಆರೋಗ್ಯವಂತರನ್ನೇ ಹಿಡಿಯುವ ಕಾಯಿಲೆ ಇದು. ಏಳೆಂಟು ತಿಂಗಳಿಗೆ ಕಂದು ಹಾಕಿದ ಹಸು, ಬೀಳದ ಸತ್ತೆ, ಅದನ್ನು ಬರಿಗೈಯಲ್ಲಿ ಎಳೆದವರ ಕೈಯ ಸಣ್ಣ ತರಚು ಗಾಯ, ಇಷ್ಟು ಸಾಕು. ಜ್ವರ ಬಂದು ಹೋಗಿ ಮಾಡುತ್ತದೆ, ಬೆವರು, ಕೀಲುನೋವು, ಬೇಸರ, ಆಮೇಲೆ ಸೊಂಟ. ಮೂಳೆಯ ಮುಂಭಾಗದ ಮೇಲಿನ ಮೂಲೆಯನ್ನು ಕೊರೆಯುವುದು ಅದರ ಚಾಳಿ, ಆದರೂ ಬೆನ್ನು ಗೂನಾಗುವುದು ಟಿಬಿಗಿಂತ ಕಡಿಮೆ. ಸಿಆರ್‌ಪಿ ಅಂಥ ಏರಿಕೆ ತೋರಿಸದು. ಬ್ರುಸೆಲ್ಲಾದ ರಕ್ತಪರೀಕ್ಷೆಯಾದ ಅಗ್ಲುಟಿನೇಷನ್ ಟೆಸ್ಟ್‌ನಲ್ಲಿ 1:160 ಅಥವಾ ಅದಕ್ಕಿಂತ ಹೆಚ್ಚು ಬಂದು ಲಕ್ಷಣವೂ ಹೊಂದಿದರೆ ಬ್ರುಸೆಲ್ಲಾ ಎಂದೇ ನೋಡುತ್ತಾರೆ. ಸ್ವಯಂಚಾಲಿತ ಕಲ್ಚರ್ ಯಂತ್ರದಲ್ಲಿ ಸಾಮಾನ್ಯವಾಗಿ ವಾರದೊಳಗೆ ಬೆಳೆಯುತ್ತದೆ. ಚಿಕಿತ್ಸೆ ಒಂದೇ ಔಷಧಿಯದಲ್ಲ: ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಜೊತೆಗೆ ರಿಫಾಂಪಿಸಿನ್ 600ರಿಂದ 900 ಮಿಲಿಗ್ರಾಂ, ಇಲ್ಲವೇ ಮೊದಲ ಎರಡು ಮೂರು ವಾರ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್. ಬೆನ್ನುಮೂಳೆಗೆ ಬಂದಿದ್ದರೆ ಕನಿಷ್ಠ ಮೂರು ತಿಂಗಳು. ಇಲಿಜ್ವರಕ್ಕೆಂದು ಕೊಟ್ಟ ಒಂದು ವಾರದ ಡಾಕ್ಸಿ ಇದನ್ನು ಅಡಗಿಸುತ್ತದೆ, ಮುಗಿಸುವುದಿಲ್ಲ. ಇನ್ನೊಂದು ಮೋಸವೂ ಇದೆ. ಟಿಬಿ ಮಾತ್ರೆಗಳಲ್ಲಿ ರಿಫಾಂಪಿಸಿನ್ ಇರುತ್ತದೆ. ಬ್ರುಸೆಲ್ಲಾ ಇರುವವರಿಗೆ ಟಿಬಿ ಮಾತ್ರೆ ಕೊಟ್ಟರೆ ಮೊದಲ ತಿಂಗಳು ಸುಧಾರಿಸುತ್ತಾರೆ. ಎಲ್ಲರೂ ಟಿಬಿಯೇ ಎಂದು ನಂಬಿ ಕೂರುತ್ತಾರೆ, ನಾಲ್ಕನೇ ತಿಂಗಳಿಗೆ ನೋವು ಮರಳಿದಾಗ ಅದನ್ನು ಔಷಧಿಗೆ ಬಗ್ಗದ ಟಿಬಿ ಎನ್ನುತ್ತಾರೆ.

ಇನ್ನೊಂದು ಮೆಲಿಯಾಯ್ಡೋಸಿಸ್, ಬರ್ಕ್‌ಹೋಲ್ಡೇರಿಯಾ ಸೂಡೋಮಲ್ಲೈ ತರುವ ಕಾಯಿಲೆ. ಮಣ್ಣು, ನಿಂತ ನೀರಿನ ಬ್ಯಾಕ್ಟೀರಿಯಾ ಇದು. ಘಟ್ಟದ ಕೆಳಗೆ ಉಡುಪಿ, ಮಂಗಳೂರು ಕಡೆ ಮಳೆಗಾಲದಲ್ಲಿ ವೈದ್ಯರಿಗೆ ಚೆನ್ನಾಗಿ ಪರಿಚಿತ. ಘಟ್ಟದ ಮೇಲಿನ ನಾವು ಇದರ ಬಗ್ಗೆ ಯೋಚಿಸುವುದೇ ಕಡಿಮೆ, ಗದ್ದೆ, ಕೆಸರು, ಮಳೆ ನಮ್ಮಲ್ಲೂ ಕಡಿಮೆಯೇನಿಲ್ಲ. ಹೆಚ್ಚಿನಂಶ ಸಕ್ಕರೆ ಕಾಯಿಲೆಯವರಿಗೇ ಬರುತ್ತದೆ, ಆದರೂ ಬೇರೆ ಯಾವ ಕಾಯಿಲೆಯೂ ಇಲ್ಲದವರನ್ನು ಬಿಟ್ಟಿಲ್ಲ. ಶ್ವಾಸಕೋಶ, ಪ್ಲೀಹ, ಯಕೃತ್ತಿನಲ್ಲಿ ಸಣ್ಣ ಸಣ್ಣ ಕೀವುಗುಳ್ಳೆ ಮಾಡುತ್ತದೆ, ಹಾಗಾಗಿ ಬೆನ್ನಿನಲ್ಲಿ ಕೀವಿದ್ದವರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಸುಳಿವು ಸಿಗಬಹುದು. ಲ್ಯಾಬ್ ರಿಪೋರ್ಟಿನಲ್ಲಿ 'ಸೂಡೋಮೊನಾಸ್ ಸ್ಪೀಸೀಸ್' ಅಥವಾ 'ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ' ಎಂದು ಬಂದು, ರೋಗಿ ಮೊದಲು ಆಸ್ಪತ್ರೆಯ ಮೆಟ್ಟಿಲೇ ಹತ್ತಿರದವರಾಗಿದ್ದರೆ ಅಲ್ಲಿಗೇ ಬಿಡಬೇಡಿ. ಅದೇ ರಿಪೋರ್ಟಿನ ಕೆಳಗಿರುವ ಔಷಧಿಗಳ ಪಟ್ಟಿ ನೋಡಿ: ಜೆಂಟಾಮೈಸಿನ್, ಕೊಲಿಸ್ಟಿನ್ ಎರಡಕ್ಕೂ ಬಗ್ಗದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತಿದ್ದರೆ ಮೆಲಿಯಾಯ್ಡೋಸಿಸ್ ಇರಬಹುದು, ಮಂಗಳೂರು ಅಥವಾ ಮಣಿಪಾಲದ ದೊಡ್ಡ ಲ್ಯಾಬಿಗೆ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಮಾಮೂಲಿ ಸೆಫ್ಟ್ರಿಯಾಕ್ಸೋನ್ ನೆಚ್ಚಿಕೊಳ್ಳಲಾಗದು. ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ನರಕ್ಕೆ, ಮೂಳೆಯ ಸೋಂಕಾದರೆ ಕನಿಷ್ಠ ಆರು ವಾರ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಆರು ತಿಂಗಳು. ಮಾತ್ರೆಯ ದಿನಗಳಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡುತ್ತಿರಬೇಕು. ಚೆನ್ನಾಗಿದ್ದೇನೆ ಎಂದು ಎರಡನೇ ತಿಂಗಳಿಗೆ ಬಿಟ್ಟವರಿಗೆ ಕಾಯಿಲೆ ಮರಳುತ್ತದೆ.

ಇಷ್ಟು ಹೇಳಿದ ಮೇಲೂ, ನಮ್ಮ ದೇಶದಲ್ಲಿ ಬೆನ್ನುಮೂಳೆಯ ಸೋಂಕು ಅಂದರೆ ಟಿಬಿಯೇ ಮೊದಲು ನೆನಪಾಗಬೇಕಾದದ್ದು, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ತುಂಡು ತೆಗೆಯದೆ ತೀರ್ಮಾನಿಸುವುದರಲ್ಲಿ. ಟಿಬಿ ಎಂದು ಖಚಿತವಾದರೆ ಸರಕಾರದ ಔಷಧಿ ಉಚಿತ, ಸಾಮಾನ್ಯವಾಗಿ 12 ತಿಂಗಳು, ಕೆಲವರಿಗೆ 18ರವರೆಗೆ. ಅದೇ ರೀತಿ, ಟಿಬಿ ಅಲ್ಲವೆಂದು ಗೊತ್ತಾಗುವವರೆಗೆ ಲೆವೊಫ್ಲಾಕ್ಸಾಸಿನ್, ಲಿನೆಜೋಲಿಡ್, ಅಮಿಕಾಸಿನ್ ಸುಮ್ಮನೆ ಕೊಡಬಾರದು. ಮೂರೂ ಟಿಬಿ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡುವುದರಿಂದ ಅದನ್ನು ಅರೆಬರೆ ಅಡಗಿಸಿ ಪರೀಕ್ಷೆಯನ್ನು ಹಾಳು ಮಾಡುತ್ತವೆ.

ಮಾಮೂಲಿ ಬ್ಯಾಕ್ಟೀರಿಯಾದ ಸೋಂಕಿಗೆ ಆರು ವಾರ ಸಾಕು. ಫ್ರಾನ್ಸಿನಲ್ಲಿ ಆರು ವಾರ ಮತ್ತು ಹನ್ನೆರಡು ವಾರಗಳನ್ನು ಹೋಲಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ವಾರ ಕಡಿಮೆಯೇನೂ ಬೀಳಲಿಲ್ಲ. ಕೀವು ಹೊರತೆಗೆಯದೆ ಉಳಿದವರಿಗೆ, ಎಂಆರ್‌ಎಸ್‌ಎ (ಮಾಮೂಲಿ ಔಷಧಿಗೆ ಬಗ್ಗದ ಸ್ಟ್ಯಾಫ್) ಇದ್ದವರಿಗೆ ವೈದ್ಯರು ಹೆಚ್ಚಿಸುವುದುಂಟು. ಸಾಧಾರಣ ಸ್ಟ್ಯಾಫ್‌ಗೆ ಸೆಫಜೋಲಿನ್ 2 ಗ್ರಾಂ ಎಂಟು ಗಂಟೆಗೊಮ್ಮೆ. ಅದು ಎಂಆರ್‌ಎಸ್‌ಎ ಆದರೆ ವ್ಯಾಂಕೋಮೈಸಿನ್, 1 ಗ್ರಾಂ ಹೋಗಲು ಕನಿಷ್ಠ ಒಂದು ಗಂಟೆ ಬೇಕು. ಅವಸರಕ್ಕೆ ಡ್ರಿಪ್ ಜೋರು ಮಾಡಿದರೆ ಮುಖ, ಕತ್ತು ಕೆಂಪಾಗಿ ತುರಿಕೆ ಏಳುತ್ತದೆ, ಅದನ್ನು ಅಲರ್ಜಿ ಎಂದು ಬರೆದು ಒಳ್ಳೆಯ ಔಷಧಿ ಕಳೆದುಕೊಂಡವರಿದ್ದಾರೆ. ಆರು ವಾರ ಮುಂಗೈಯ ಕ್ಯಾನುಲಾ ನಿಲ್ಲುವುದಿಲ್ಲ, ತೋಳಿನಿಂದ ಪಿಕ್ ಲೈನ್ (ವಾರಗಟ್ಟಲೆ ನಿಲ್ಲುವ ಉದ್ದನೆಯ ತೆಳು ನಳಿಕೆ) ಹಾಕಿಸಿಕೊಂಡರೆ ಊರಿನ ಹತ್ತಿರದ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಮುಂದುವರಿಸಬಹುದು. ಬ್ಯಾಂಡೇಜು ವಾರಕ್ಕೊಮ್ಮೆ ಬದಲಾಗಬೇಕು, ಒದ್ದೆಯಾದರೆ ಅಂದೇ.

ಮೆಡಿಕಲ್ ಶಾಪಿನ ಸೊಂಟದ ಬೆಲ್ಟ್ ಇದಕ್ಕೆ ಆಗದು. ಎದೆಯಿಂದ ಸೊಂಟದವರೆಗೆ ಹಿಡಿಯುವ ಅಳತೆಯ ಬ್ರೇಸ್ ಹಾಕಿಕೊಂಡು, ನೋವು ತಡೆದಷ್ಟು ಎದ್ದು ಓಡಾಡಬೇಕು. ತಿಂಗಳುಗಟ್ಟಲೆ ಮಲಗಿದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನಿಗೆ ಹುಣ್ಣಾಗುವುದು ಬೇರೆ ತಾಪತ್ರಯ. ಆಪರೇಷನ್ ಬೇಕಾಗುವುದು ಕಾಲಿನ ಶಕ್ತಿ ಇಳಿಯುತ್ತಿದ್ದರೆ, ಮೂಳೆ ಕುಸಿದು ಬೆನ್ನು ಬಾಗುತ್ತಿದ್ದರೆ, ಅಥವಾ ಸರಿಯಾದ ಔಷಧಿ ಹೋಗುತ್ತಿದ್ದರೂ ರಕ್ತದಲ್ಲಿ ಬ್ಯಾಕ್ಟೀರಿಯಾ ನಿಲ್ಲದಿದ್ದರೆ. ಉಳಿದವರಲ್ಲಿ ಹೆಚ್ಚಿನವರಿಗೆ ಔಷಧಿಯೇ ಸಾಕು.

ವಾಸಿಯಾಗುತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಸಿಆರ್‌ಪಿ, ಅದೇ ಲ್ಯಾಬಿನಲ್ಲಿ. ನಾಲ್ಕು ವಾರವಾದರೂ ಇಎಸ್‌ಆರ್ 50ಕ್ಕಿಂತ ಮೇಲೆ, ಸಿಆರ್‌ಪಿ ಲೀಟರಿಗೆ 27.5 ಮಿಲಿಗ್ರಾಂಗಿಂತ ಮೇಲೆ ನಿಂತಿದ್ದರೆ ಎಲ್ಲೋ ತಪ್ಪಿರಬಹುದು: ಬೇರೆ ಬ್ಯಾಕ್ಟೀರಿಯಾ, ಹೊರಬಾರದ ಕೀವು, ಇಲ್ಲವೇ ತಪ್ಪಿಸಿದ ಡೋಸ್. ಕುತೂಹಲಕ್ಕೆ ಎಂಆರ್‌ಐ ಮತ್ತೆ ಮಾಡಿಸಬೇಡಿ. ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಮೊದಲ ತಿಂಗಳ ಸ್ಕ್ಯಾನಿನಲ್ಲಿ ಮೂಳೆ ಇನ್ನಷ್ಟು ಕೆಟ್ಟಂತೆ ಕಾಣುತ್ತದೆ, ಅದನ್ನು ನೋಡಿ ಒಳ್ಳೆಯ ಔಷಧಿಯನ್ನು ಬದಲಾಯಿಸಿಬಿಡುತ್ತಾರೆ. ಬ್ರುಸೆಲ್ಲಾದಲ್ಲಿ ಟೈಟರ್ ಕೂಡ ತಿಂಗಳುಗಟ್ಟಲೆ ಪಾಸಿಟಿವ್ ಉಳಿಯುತ್ತದೆ, ಸಂಖ್ಯೆಗಿಂತ ನೋವು, ಜ್ವರ, ತೂಕ ನೋಡಬೇಕು. ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ಆರು ತಿಂಗಳಿನಿಂದ ಒಂದು ವರ್ಷದೊಳಗೆ.

ಮನೆಯಲ್ಲಿ ಒಬ್ಬರಿಗೆ ಬ್ರುಸೆಲ್ಲಾ ಎಂದು ಗೊತ್ತಾದರೆ ಅದೇ ಕೊಟ್ಟಿಗೆಯ ಹಾಲು ಕುಡಿದ ಉಳಿದವರಲ್ಲಿ ಜ್ವರ, ಕೀಲುನೋವು ಇದ್ದವರಿಗೂ ರಕ್ತಪರೀಕ್ಷೆ ಆಗಬೇಕು, ದನಗಳದ್ದೂ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಪಶುರೋಗಗಳನ್ನು ಅಧ್ಯಯನ ಮಾಡುವ ಯಲಹಂಕದ ನಿವೇದಿ ಸಂಸ್ಥೆ ಈ ರೋಗದ ಮೇಲೂ ಕೆಲಸ ಮಾಡುತ್ತದೆ, ಊರಿನ ಪಶು ಆಸ್ಪತ್ರೆಯ ಮೂಲಕ ಸ್ಯಾಂಪಲ್ ಕಳಿಸಲು ಕೇಳಿ. ಹಾಲು ಉಕ್ಕಿ ಬರುವಂತೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕರೆದ ಬಿಸಿಗೇ ನೊರೆಹಾಲು ಕುಡಿಯುವುದು ಬಿಡಬೇಕು. ಕಂದು ಹಾಕಿದ ಕರು, ಸತ್ತೆಯನ್ನು ಕೈಗವಸು ಹಾಕಿಕೊಂಡು, ಸುಣ್ಣ ಸುರಿದು ಆಳವಾಗಿ ಹೂಳಬೇಕು. ತಿಪ್ಪೆಗೆ ಎಸೆದರೆ ನಾಯಿ ಎಳೆದು ಪಕ್ಕದ ಕೊಟ್ಟಿಗೆಗೂ ಹಂಚುತ್ತದೆ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದೇ ಸಲ ಹಾಕುವ ಎಸ್19 ಲಸಿಕೆ 2019ರಿಂದ ಕೇಂದ್ರದ ಕಾರ್ಯಕ್ರಮದಲ್ಲಿ ಉಚಿತ. ಗಂಡು ಕರುವಿಗೂ, ಗಬ್ಬದ ಹಸುವಿಗೂ ಹಾಕಿಸುವುದಿಲ್ಲ. ಅದು ಜೀವಂತ ಬ್ಯಾಕ್ಟೀರಿಯಾದ ಲಸಿಕೆ, ಕರು ಕೊಸರಿ ಸೂಜಿ ಹಿಡಿದವರ ಬೆರಳಿಗೇ ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡನ್ನೂ ಮೂರು ವಾರ ಕೊಡುತ್ತಾರೆ.